ಮಿನಾಸನ ಮನೆಯ ಇಬ್ಬರು ಕ್ಲಿಮೆನಿಯರು

ನಮ್ಮೂರಿನ ಬೀದಿಯಲ್ಲಿ ನಿಂತು 'ಕ್ಲಿಮೆನಿ' ಎಂದು ಒಮ್ಮೆ ಕೂಗಿದರೆ ಆರು ಕಿಟಕಿಗಳು ತೆರೆಯುತ್ತಿದ್ದವು. ಗಾಣದ ಕ್ಲಿಮೆನಿ, ಬಾವಿ ಕ್ಲಿಮೆನಿ, ಜಗಳಗಂಟಿ ಕ್ಲಿಮೆನಿ, ಹೀಗೆ. ಮೊಮ್ಮಗಳಿಗೆ ಅಜ್ಜಿಯ ಹೆಸರಿಡದಿದ್ದರೆ ಅಜ್ಜಿ ಗೋರಿಯಲ್ಲೂ ಮಗ್ಗುಲು ಬದಲಿಸುತ್ತಾಳೆ ಎಂದು ನಂಬಿದ ಜನ ಇವರು. ನಾನು ಈ ದ್ವೀಪದವಳಲ್ಲ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಟೀಚರಾಗಿ ದೋಣಿಯಿಂದ ಇಳಿದವಳು. ಎರಡು ವರ್ಷ ಇದ್ದು ಹೋಗುತ್ತೇನೆಂದು ಬಂದವಳು ನಲವತ್ತು ವರ್ಷವಾದರೂ ಹೋಗಲಿಲ್ಲ.

ಆರು ಜನರಲ್ಲಿ ಇಬ್ಬರು ಒಂದೇ ಮನೆಯವರು, ಒಡಹುಟ್ಟಿದವರು. ಹಿರಿಮಗಳಿಗೆ ತಾಯಿಯ ತಾಯಿ ಹೆಸರು, ಎರಡನೆಯವಳಿಗೆ ತಂದೆಯ ತಾಯಿ ಹೆಸರು, ಇದು ಇಲ್ಲಿನ ಕಟ್ಟಳೆ. ಅವರಪ್ಪ ಮಿನಾಸನ ದುರದೃಷ್ಟಕ್ಕೆ ಎರಡೂ ಕಡೆಯ ಅಜ್ಜಿಯರು ಕ್ಲಿಮೆನಿಗಳೇ. ಒಂದೇ ಹೆಸರಲ್ಲಿ ಇಬ್ಬರಿಗೂ ಸಂದಾಯವಾಯಿತಲ್ಲ ಎಂದು ಪಾದ್ರಿ ಹೇಳಿನೋಡಿದರು. ಮಿನಾಸನ ತಾಯಿ ಒಪ್ಪಲಿಲ್ಲ.

"ಆ ಮಗು ಬೀಗಿತ್ತೀದು. ನನ್ನ ಹೆಸರೆಲ್ಲಿ? ನಾನೇನು ಈ ಮನೆಗೆ ದಾರೀಲಿ ಬಿದ್ದು ಸಿಕ್ಕಿದವಳಾ?" ಎಂದು ಮೂರು ದಿನ ಊಟ ಬಿಟ್ಟಳಂತೆ.

ಸರಿ, ಎರಡನೆಯದೂ ಕ್ಲಿಮೆನಿಯಾಯಿತು. ಪಂಚಾಯಿತಿಯ ಗುಮಾಸ್ತ ಅದೇ ಹೆಸರು, ಅದೇ ತಂದೆ, ಅದೇ ಮನೆ ನೋಡಿ, ಮಿನಾಸ ಕುಡಿದು ಎರಡನೆಯ ಸಲ ಬರೆಸಲು ಬಂದಿದ್ದಾನೆಂದುಕೊಂಡು ಪುಸ್ತಕದಲ್ಲಿ ಏನೂ ಬರೆಯಲೇ ಇಲ್ಲ. ಮಿನಾಸನೂ ವಿಚಾರಿಸಲಿಲ್ಲ. ಹೆಣ್ಣುಮಗು, ಅದರಲ್ಲೂ ಎರಡನೆಯದು, ಯಾರು ವಿಚಾರಿಸುತ್ತಾರೆ?

ಈ ಊರಲ್ಲಿ ತಾಯಿಯ ಮನೆ, ಆಲಿವ್ ತೋಟ, ಕೊರಳಿನ ಚಿನ್ನದ ನಾಣ್ಯಗಳ ಸರ, ಎಲ್ಲವೂ ಹಿರಿಮಗಳಿಗೆ. ಕಿರಿಯವಳಿಗೆ ಅಕ್ಕನ ಮನೆಯ ಕಸಬರಿಗೆ. ಅವಳು ಮದುವೆಯಾಗುವುದಿಲ್ಲ. ಅಕ್ಕನ ಆಡು ಮೇಯಿಸಿ, ಅಕ್ಕನ ಬಾರ್ಲಿ ರೊಟ್ಟಿ ಸುಟ್ಟು, ಅಕ್ಕನ ಮಕ್ಕಳನ್ನು ಎತ್ತಿ ಆಡಿಸಿ ಕಾಲ ಹಾಕುತ್ತಾಳೆ. ನನಗೆ ಮೊದಲ ವರ್ಷ ಮೈಯುರಿಯುತ್ತಿತ್ತು. ಆಮೇಲೆ ಆಮೇಲೆ, ನಾಚಿಕೆಯಿಂದ ಹೇಳುತ್ತೇನೆ, ಕಣ್ಣಿಗೆ ಒಗ್ಗಿಹೋಯಿತು.

ಚಿಕ್ಕ ಕ್ಲಿಮೆನಿ ನನ್ನ ತರಗತಿಯಲ್ಲೇ ಚುರುಕು ಹುಡುಗಿ. ಪುರಾಣದ ಪಾಠದ ದಿನ ಕೇಳಿದಳು, "ಟೀಚರಮ್ಮ, ಪುರಾಣದಲ್ಲಿ ನಮ್ಮ ಹೆಸರಿನವರು ಯಾರೂ ಇಲ್ವಾ?"

ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ದೊಡ್ಡ ಪುಸ್ತಕ ತೆಗೆದು ಓದಿದೆ. ಒಬ್ಬಳು ಸಮುದ್ರರಾಜನ ಮಗಳು, ಸೂರ್ಯನ ರಥ ಓಡಿಸಹೋಗಿ ಸುಟ್ಟುಹೋದ ಹುಡುಗನ ತಾಯಿ. ಇನ್ನೊಬ್ಬಳನ್ನು ಅವಳಪ್ಪ ಪರದೇಶದಲ್ಲಿ ಮಾರಿಬಾ ಎಂದು ಹಡಗಿನವನ ಕೈಗೆ ಕೊಟ್ಟ. ಮತ್ತೊಬ್ಬಳು ಚೆಲುವೆ ಹೆಲೆನಳ ದಾಸಿ, ಒಡತಿ ಟ್ರಾಯ್‌ಗೆ ಹೋದಾಗ ಜೊತೆಗೆ ಹೋದವಳು. ಎಲ್ಲರಿಗೂ ಒಂದೊಂದು ಸಾಲು. ಒಬ್ಬಳ ಗಂಡನನ್ನು ಇನ್ನೊಬ್ಬಳಿಗೆ, ಇವಳ ಮಗನನ್ನು ಅವಳಿಗೆ ಅಂಟಿಸಿ ಹಳೆಯ ಪಂಡಿತರೇ ಗೊಂದಲ ಮಾಡಿಟ್ಟಿದ್ದಾರೆ.

"ಹೆಲೆನ ಹೊರಟಾಗ ಆ ದಾಸೀನ ಯಾರಾದ್ರೂ ಕೇಳಿದ್ರಾ, ನೀನೂ ಬರ್ತೀಯಾ ಅಂತ?"

"ಪುಸ್ತಕದಲ್ಲಿ ಬರೆದಿಲ್ಲ."

"ಕೇಳಿದ್ರೆ ಬರೀತಿದ್ರು," ಎಂದಳು ಹುಡುಗಿ. ಹನ್ನೊಂದು ವರ್ಷದವಳು.

ಅವಳಿಗೆ ಹತ್ತೊಂಬತ್ತು ತುಂಬಿದಾಗ ನಾನೇ ಆಸೆ ಹುಟ್ಟಿಸಿದೆ. ಅಥೆನ್ಸಿನ ಒಂದು ಆಸ್ಪತ್ರೆಯಲ್ಲಿ ದಾದಿಯರ ತರಬೇತಿಗೆ ಹುಡುಗಿಯರು ಬೇಕು ಎಂದು ಪತ್ರಿಕೆಯಲ್ಲಿ ಬಂದಿತ್ತು. ಅರ್ಜಿ ಬರೆದುಕೊಟ್ಟೆ. ಆರು ವಾರಕ್ಕೆ ಉತ್ತರ ಬಂತು: ತೆಗೆದುಕೊಂಡಿದ್ದೇವೆ, ಜನನ ಪತ್ರ ತೆಗೆದುಕೊಂಡು ಬರತಕ್ಕದ್ದು. ಕಾಗದವನ್ನು ಎದೆಗವಚಿಕೊಂಡು ನನ್ನ ಕೋಣೆಯಲ್ಲಿ ನಗುತ್ತಾ ಗಿರಗಿರನೆ ತಿರುಗಿದಳು. ಅವಳು ಹಾಗೆ ನಕ್ಕಿದ್ದನ್ನು ಮತ್ತೆಂದೂ ನೋಡಲಿಲ್ಲ.

ಜನನ ಪತ್ರಕ್ಕೆ ಇಬ್ಬರೂ ಒಟ್ಟಿಗೆ ಹೋದೆವು. ಗುಮಾಸ್ತ ಪುಸ್ತಕ ತಿರುವಿ ತಲೆ ಕೆರೆದುಕೊಂಡ.

"ಕ್ಲಿಮೆನಿ, ಮಿನಾಸನ ಮಗಳು. ಒಬ್ಬಳೇ ಇರೋದು. ಅವಳ ಪತ್ರ ಹೋದ ತಿಂಗಳೇ ನಿಕಿತಾಸ್ ತಗೊಂಡು ಹೋದ್ನಲ್ಲ, ಹೆಂಡ್ತಿ ಪಾಸ್‌ಪೋರ್ಟಿಗೆ."

ನಿಕಿತಾಸ್ ದೊಡ್ಡ ಕ್ಲಿಮೆನಿಯ ಗಂಡ. ಹೆಂಡತಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದ.

"ಅದು ಅಕ್ಕ. ನಾನು ಇಲ್ಲಿ ನಿಂತಿದೀನಲ್ಲ!" ಎಂದಳು ಇವಳು.

"ನೀನು ನಿಂತಿರೋದು ನಂಗೂ ಕಾಣುತ್ತಮ್ಮ. ಪುಸ್ತಕಕ್ಕೆ ಕಾಣಲ್ಲ, ಏನ್ಮಾಡ್ಲಿ?"

ದಾರಿ ಇತ್ತು. ತಂದೆ ನ್ಯಾಯಾಧೀಶರ ಮುಂದೆ ಹೋಗಿ, ನನಗೆ ಇಬ್ಬರು ಹೆಣ್ಣುಮಕ್ಕಳು ಎಂದು ಹೇಳಬೇಕು. ಅವನು ಒಲ್ಲೆನೆಂದರೆ ಊರಿನ ಗೌರವಸ್ಥರಿಬ್ಬರು ಹೇಳಿದರೂ ನಡೆಯುತ್ತದೆ. ಪಾದ್ರಿಯೊಬ್ಬರು, ಟೀಚರೊಬ್ಬಳು ಸಾಕು.

ಮಿನಾಸ ಒಲ್ಲೆನೆಂದ. ಹಿರಿಮಗಳಿಗೆ ಬರೆದುಕೊಟ್ಟ ಮನೆಯ ಪತ್ರದಲ್ಲಿ 'ಮಿನಾಸನ ಮಗಳು ಕ್ಲಿಮೆನಿ' ಎಂದಷ್ಟೇ ಇತ್ತು.

"ಇವತ್ತು ಇಬ್ರು ಕ್ಲಿಮೆನಿ ಅಂತ ಬರೆಸಿದ್ರೆ ನಾಳೆ ಮನೆ ಯಾರದ್ದು ಅಂತ ಕೋರ್ಟು ಕೇಳುತ್ತೆ. ಅಳಿಯ ನನ್ನ ಕತ್ತು ಹಿಸುಕ್ತಾನೆ. ಅಲ್ಲದೆ ಇವಳೂ ಹೋದ್ರೆ ಇವಳಮ್ಮನ್ನ ನೋಡೋರ್ಯಾರು? ಟೀಚರಮ್ಮ, ನಿಮ್ಮ ಮೂಗು ಶಾಲೆ ಒಳಗಿರ್ಲಿ."

ಆಗ ನಾನು ಅವನ ಮನೆಯ ಮಹಡಿಯಲ್ಲೇ ಬಾಡಿಗೆಗಿದ್ದೆ. ಶಾಲಾ ಸಮಿತಿಯ ಯಜಮಾನನೂ ಅವನೇ. ಪಾದ್ರಿ ನನ್ನ ಮುಖ ನೋಡಿದರು, "ನೀವು ಹೇಳಿದ್ರೆ ನಾನೂ ಹೇಳ್ತೀನಿ," ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಹುಡುಗಿಗೆ, "ಈಸ್ಟರ್ ಕಳೀಲಿ, ನಿಮ್ಮಪ್ಪ ತಣ್ಣಗಾಗ್ತಾರೆ," ಎಂದು ಸಮಾಧಾನ ಹೇಳಿದೆ. ಎಂಥ ಹೇಡಿ ಸಮಾಧಾನ ಅದು! ಈಸ್ಟರ್ ಕಳೆಯುವಷ್ಟರಲ್ಲಿ ಆಸ್ಪತ್ರೆಯವರು ಅವಳ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದರು.

ದೊಡ್ಡ ಕ್ಲಿಮೆನಿ ಗಂಡನ ಜೊತೆ ಹಡಗು ಹತ್ತಿದಳು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ದೇಶ ಬಿಟ್ಟಿದ್ದಾಳೆ' ಎಂದು ಗುರುತು ಬಿತ್ತು. ಹೀಗೆ ಮಿನಾಸನ ಮಗಳು ಕ್ಲಿಮೆನಿ ಊರಲ್ಲಿಲ್ಲ ಎಂದಾಯಿತು. ಊರಲ್ಲಿ ಉಳಿದವಳು ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ಬಳಿದಳು, ಅಪ್ಪನನ್ನು ಮಣ್ಣು ಮಾಡಿದಳು, ಹನ್ನೊಂದು ವರ್ಷದ ಮೇಲೆ ತಾಯಿಯನ್ನೂ ಮಣ್ಣು ಮಾಡಿದಳು. ಮತ ಹಾಕುವವರ ಪಟ್ಟಿಯಲ್ಲಿ ಅವಳಿಲ್ಲ. ಪಾಸ್‌ಪೋರ್ಟ್ ಹಾಗಿರಲಿ, ಪಕ್ಕದ ದ್ವೀಪದ ಆಸ್ಪತ್ರೆಗೆ ಹಲ್ಲು ಕೀಳಿಸಲು ಹೋದಾಗಲೂ ಗುರುತಿನ ಚೀಟಿ ಕೇಳಿ ವಾಪಸ್ ಕಳಿಸಿದರು. ಬುಧವಾರದ ದೋಣಿ ಬರುವುದನ್ನೂ ಹೋಗುವುದನ್ನೂ ಅಕ್ಕನ ಮನೆಯ ಜಗಲಿಯಿಂದ ನೋಡುತ್ತಿದ್ದಳು. ಸುಣ್ಣ ಬಳಿದು ಮನೆಯನ್ನು ಬೆಳ್ಳಗೆ ಇಟ್ಟಿದ್ದಳು. ಒಮ್ಮೆ ನಾನು ಹೊಗಳಿದ್ದಕ್ಕೆ, "ಜೈಲನ್ನ ಗಲೀಜಾಗಿ ಇಟ್ಕೋಬೇಕು ಅಂತ ಏನಿಲ್ವಲ್ಲ," ಎಂದಳು.

ಮೂವತ್ತು ವರ್ಷದ ಮೇಲೆ ಅಕ್ಕನಿಂದ ಕಾಗದ ಬಂತು. ಅವಳ ಎದುರೇ ಕೂತು ನಾನೂ ಓದಿದೆ. ಅಥೆನ್ಸಿನ ಒಬ್ಬ ವೈದ್ಯರು ಬೇಸಿಗೆಯಲ್ಲಿ ಬಂದಿರಲು ಆ ಮನೆಯನ್ನು ಕ್ರಯಕ್ಕೆ ಕೇಳಿದ್ದಾರೆ, ಬರುವ ಬುಧವಾರ ನೋಟರಿ ಜೊತೆ ಬರುತ್ತಾರೆ. "ನಾನು ಅಷ್ಟು ದೂರದಿಂದ ಬರೋಕಾಗಲ್ಲ. ಹೆಸರು ನಿಂದೂ ಅದೇ ಅಲ್ವಾ, ನೀನೇ ಸಹಿ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ? ನೀನು ಕಣದ ಪಕ್ಕದ ಆಡಿನ ಕೊಟ್ಟಿಗೇಲಿ ಇರಬಹುದು. ವೈದ್ಯರಿಗೆ ಹೇಳಿದೀನಿ."

ಕ್ಲಿಮೆನಿ ಕಾಗದ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು. "ಆಡು ಎಲ್ಲಿರಬೇಕಂತೆ?" ಎಂದಷ್ಟೇ ಕೇಳಿದಳು.

ಬುಧವಾರ ಕಾಫಿ ಅಂಗಡಿಯಲ್ಲಿ ಅರ್ಧ ಊರು ಸೇರಿತ್ತು. ನೋಟರಿ ಬೆವರೊರೆಸಿಕೊಳ್ಳುತ್ತಾ ಪತ್ರ ಬಿಚ್ಚಿ, "ಗುರುತಿನ ಚೀಟಿ?" ಎಂದ.

"ಇಲ್ಲ."

"ಹಾಗಿದ್ರೆ ಇಬ್ರು ಸಾಕ್ಷಿ ಬೇಕು. ಇವರು ಮಿನಾಸರ ಮಗಳು ಕ್ಲಿಮೆನಿ ಅಂತ ಯಾರು ಹೇಳ್ತೀರಿ?"

ನಾನು ಎದ್ದು ನಿಂತೆ. "ನಾನು ಹೇಳ್ತೀನಿ. ಇವಳು ಮಿನಾಸನ ಮಗಳು ಕ್ಲಿಮೆನಿ. ಇವಳಿಗೆ ಅಕ್ಷರ ಕಲಿಸಿದವಳು ನಾನು." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುದಿಪಾದ್ರಿಯೂ ಹೌದೆಂದರು. ನೋಟರಿ ಬರೆದುಕೊಂಡ, ಮುದ್ರೆ ಒತ್ತಿದ, ಕ್ರಯಪತ್ರ ಮುಂದಿಟ್ಟು ಪೆನ್ನು ಕೊಟ್ಟ.

ಕ್ಲಿಮೆನಿ ಪೆನ್ನು ಹಿಡಿದು ಕೇಳಿದಳು, "ಸ್ವಾಮಿ, ಮನೆ ಈ ಕ್ಲಿಮೆನಿದು ಅಂತ ತಾನೇ ಈಗ ಬರೆದದ್ದು?"

"ಹೌದಮ್ಮ."

"ನಾನೇ ಅಂತಲೂ ಬರ್ಕೊಂಡ್ರಿ?"

"ಬರ್ಕೊಂಡೆನಮ್ಮ, ಸಹಿ ಹಾಕಿ."

"ಹಾಗಾದ್ರೆ ಮಾರಲ್ಲ." ಪೆನ್ನು ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ದೋಣಿ ಇನ್ನೂ ಹೊರಟಿಲ್ಲ. ಕಾಫಿ ಕುಡ್ಕೊಂಡು ಹೋಗಿ."

ಕೆಲವರು ಮೇಜು ಕುಟ್ಟಿ ನಕ್ಕರು. ಕೆಲವರು ಕಳ್ಳಿ ಎಂದರು. ನಾನಂತೂ ಹಬ್ಬ ಮಾಡಿಕೊಂಡೆ, ನನ್ನ ತಪ್ಪು ತೀರಿತೆಂದು. ಮರುದಿನ ಬೆಳಗ್ಗೆ ಜೇನು ಹಾಕಿದ ಗಿಣ್ಣಿನ ಕಡುಬು ಮಾಡಿಕೊಂಡು ಅವಳ ಮನೆಗೆ ಓಡಿದೆ.

"ಕ್ಲಿಮೆನಿ, ನೋಟರಿ ಮುದ್ರೆ ಇದೆ ಈಗ! ಗುರುತಿನ ಚೀಟಿ ಕೊಡ್ತಾರೆ, ಪಾಸ್‌ಪೋರ್ಟ್ ಕೊಡ್ತಾರೆ. ಅಥೆನ್ಸ್ ನೋಡ್ಕೊಂಡು ಬಾ. ಎಲ್ಲಿಗೆ ಬೇಕಾದ್ರೂ ಹೋಗು!"

ಅವಳು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ತಿರುಗಿ ನೋಡಲಿಲ್ಲ.

"ಯಾರು ಹೋಗ್ಬೇಕು ಟೀಚರಮ್ಮ? ಆ ಪುಸ್ತಕದಲ್ಲಿರೋ ಹುಟ್ಟಿದ ತಾರೀಖು ಅಕ್ಕಂದು. ನಿನ್ನೆ ನಾನು ಅಕ್ಕ ಆಗ್ಬಿಟ್ಟೆ. ಇನ್ನು ಸಾಯೋವರೆಗೂ ಅವಳೇ. ಕಿರಿಯವಳು ಇದ್ಲು ಅಂತ ಹೇಳೋಕೆ ಹೋದ್ರೆ ಈ ಮನೆನೂ ಕೈಬಿಟ್ಟು ಹೋಗುತ್ತೆ."

"ಹಾಗಲ್ಲ, ಕ್ಲಿಮೆನಿ..."

"ನಿಮ್ಮ ಮೇಲೆ ಕೋಪ ಇಲ್ಲ." ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಆದ್ರೆ ನಿನ್ನೆ ಎದ್ದು ನಿಂತು ಹೇಳಿದ್ರಲ್ಲ, ಇವಳು ಮಿನಾಸನ ಮಗಳು ಕ್ಲಿಮೆನಿ ಅಂತ. ನಂಗೆ ಹತ್ತೊಂಬತ್ತು ಆಗಿದ್ದಾಗ ಬೇಕಾಗಿದ್ದೂ ಅಷ್ಟೇ. ಅದೇ ಒಂದು ಮಾತು."

ನಾನು ಕಡುಬಿನ ತಟ್ಟೆಯನ್ನು ಜಗಲಿಯ ಮೇಲಿಟ್ಟೆ. ಅವಳು ಬಟ್ಟೆ ಹರವಿ ಮುಗಿಸಿ ಆಡುಗಳಿಗೆ ನೀರಿಡಲು ಹೋದಳು.