ಸಂತ ಜೋಸೆಫರ ಹಬ್ಬಕ್ಕೆ ನನ್ನ ಬಾಣಲೆ

ಕಳೆದ ಬುಧವಾರ ಬೆಳಗ್ಗೆ ನಮ್ಮ ಮನೆಯ ಬೆಲ್ ಆಯಿತು.

ಅದರಲ್ಲೇನು ವಿಶೇಷ ಅಂತೀರಾ? ಊರಿನಲ್ಲಿರುವ ನಿಮಗೆ ಇಲ್ಲ. ದುಬೈಯ ಮಿರ್ದಿಫ್‌ನ ಈ ಬಿಲ್ಡಿಂಗಿನಲ್ಲಿ ವಾರದ ನಡುವೆ ಬೆಲ್ ಆಗಬೇಕಾದರೆ ಒಂದೋ ನೀರಿನ ಕ್ಯಾನಿನವನು ಬರಬೇಕು, ಇಲ್ಲವೇ ಜಿರಳೆಗೆ ಮದ್ದು ಹೊಡೆಯುವವನು ಬರಬೇಕು. ಅವರೂ ಮೊದಲೇ ಫೋನ್ ಮಾಡಿ ಬರುತ್ತಾರೆ. ಹಾಗಾಗಿ ನಾನು ತಲೆಗೂದಲು ಸರಿಮಾಡಿಕೊಂಡು, ನೈಟಿಯ ಮೇಲೊಂದು ಶಾಲು ಎಳೆದುಕೊಂಡು, ಬಾಗಿಲಿನ ಕಿಂಡಿಯಲ್ಲಿ ಇಣುಕಿದೆ.

ಎದುರು ಮನೆಯ ಇಟಾಲಿಯನ್ ಅಜ್ಜಿ.

ಹೆಸರು ರೋಸಾ. ಮಗ ಮಾರ್ಕೊನ ಜೊತೆ ಇದ್ದಾರೆ. ಅವನ ಆಫೀಸು ದೂರದ ಜುಮೇರಾ ಲೇಕ್ ಟವರ್ಸ್‌ನಲ್ಲಿ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ವಾಪಸು. ನಮ್ಮ ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಪ್ರೀತಿಯಿಂದ ‘ಬಾಯಮ್ಮ’ ಅನ್ನುತ್ತೇವಲ್ಲ, ನಾನು ಮನಸ್ಸಿನಲ್ಲೇ ಇವರಿಗೂ ಆ ಹೆಸರಿಟ್ಟಿದ್ದೆ. ಒಂದೂವರೆ ವರ್ಷದಿಂದ ನಾವು ಎದುರು ಬದುರು. ಲಿಫ್ಟಿನಲ್ಲಿ ಸಿಕ್ಕಿದರೆ ಒಂದು ನಗು, ಅಷ್ಟೆ. ಅವರಿಗೆ ಇಂಗ್ಲಿಷ್ ಬಾರದು, ನನ್ನ ಇಟಾಲಿಯನ್ ಪಿಜ್ಜಾದಲ್ಲಿ ಶುರುವಾಗಿ ಪಾಸ್ತಾದಲ್ಲಿ ಮುಗಿಯುತ್ತದೆ. ಇಬ್ಬರಿಗೂ ಬರುವುದು ದುಬೈ ಎಲ್ಲರಿಗೂ ಪುಕ್ಕಟೆ ಕಲಿಸುವ ಮೂರು ಅರಬಿ ಶಬ್ದ: ಯಲ್ಲಾ, ಖಲಾಸ್, ಮಾಫಿ. ಹೊರಡು, ಮುಗಿಯಿತು, ಇಲ್ಲ. (ಇಷ್ಟೇ ಮಾತಿನಲ್ಲಿ ಇಡೀ ಸಂಸಾರ ಮಾಡಿದವರೂ ಇದ್ದಾರೆ ಬಿಡಿ.)

ಬಾಗಿಲು ತೆರೆದೆ. ಬಾಯಮ್ಮ ಮೊದಲು ತಮ್ಮ ಮೂಗು ಮುಟ್ಟಿ ತೋರಿಸಿದರು. ಆಮೇಲೆ ನಮ್ಮ ಅಡುಗೆಮನೆಯ ಕಡೆ ಬೆರಳು ತೋರಿಸಿದರು. ಕೊನೆಗೆ ಗಾಳಿಯಲ್ಲಿ ಏನನ್ನೋ ಬಿಟ್ಟು, ಸೌಟಿನಲ್ಲಿ ತಿರುವಿ, ಬಾಯಿಯಲ್ಲೇ ‘ಚುಂಯ್’ ಎಂದು ಸದ್ದು ಮಾಡಿದರು.

ಅರ್ಥವಾಯಿತು. ಶುಕ್ರವಾರ ಶುಕ್ರವಾರ ನಾನು ಗೋಳಿಬಜೆ ಕರಿಯುತ್ತೇನೆ. ಆ ಪರಿಮಳ ಎಕ್ಸಾಸ್ಟ್ ಹಿಡಿದು ನೇರ ಅವರ ಅಡುಗೆಮನೆಗೆ ಹೋಗುತ್ತಿರಬೇಕು. ಎಣ್ಣೆಯಲ್ಲಿ ಕರಿಯುವ ಮನೆ ಯಾವುದು ಎಂದು ಪತ್ತೆ ಹಚ್ಚಿಯೇ ಬಂದಿದ್ದರು. ಮಗನ ಅಡುಗೆಮನೆಯಲ್ಲಿ ಇರುವುದೆಲ್ಲ ಚಪ್ಪಟೆ ಪ್ಯಾನುಗಳು. ನನ್ನ ಹತ್ತಿರ ಉಡುಪಿಯಿಂದ ಸೀರೆಯಲ್ಲಿ ಸುತ್ತಿ ತಂದ ಕಬ್ಬಿಣದ ಬಾಣಲೆ ಉಂಟು. ತಂದುಕೊಟ್ಟೆ.

ಬಾಯಮ್ಮ ಹೋಗಲಿಲ್ಲ. ಒಂದು ಕೈಯಲ್ಲಿ ಬಾಣಲೆ, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು.

“ಯಲ್ಲಾ,” ಅಂದರು.

ಹೋದೆ. ಹೋಗದೆ ಮಾಡುವುದೇನಿತ್ತು? ನನ್ನ ಮನೆಯ ವಿಷಯ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನಮ್ಮ ಮನೆಯವರು ಅಬುಧಾಬಿಯ ಆಚೆ ರುವೈಸ್‌ನಲ್ಲಿ. ಗುರುವಾರ ಸಂಜೆ ಬರುವುದು, ಶನಿವಾರ ಹೊರಡುವುದು. ಮಗಳು ಇದ್ದಷ್ಟು ದಿನ ಸ್ಕೂಲ್ ಬಸ್ಸು, ಟಿಫಿನ್ನು, ಜಗಳ ಅಂತ ಮನೆ ತುಂಬಿರುತ್ತಿತ್ತು. ಕಳೆದ ಆಗಸ್ಟ್‌ನಲ್ಲಿ ಅವಳು ಮಣಿಪಾಲದ ಹಾಸ್ಟೆಲ್ ಸೇರಿದಳು. ಎಲ್ಲರೂ ಮಕ್ಕಳು ದೂರ ದೇಶಕ್ಕೆ ಹೋದರು ಅಂತ ಅಳುತ್ತಾರೆ. ನನ್ನ ಮಗಳು ನನ್ನ ಊರಿಗೇ ಹೋದಳು, ನಾನು ಇಲ್ಲಿ ಉಳಿದೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಹಾಗಂತ ಇಲ್ಲಿ ಪರಿಚಯದವರು ಇಲ್ಲವೇ? ಬೇಕಾದಷ್ಟು ಇದ್ದಾರೆ. ಇಲ್ಲಿಯ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಿದವರೆಲ್ಲ “ಒಂದಿನ ಮನೆಗೆ ಬನ್ನಿ ಮಾರ್ರೆ” ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆ ಒಂದು ದಿನ ಯಾವ ಕ್ಯಾಲೆಂಡರಿನಲ್ಲೂ ಬರುವುದಿಲ್ಲ. ಭಾನುವಾರದಿಂದ ಬುಧವಾರದವರೆಗೆ ನಾನು ಬಾಯಿಬಿಟ್ಟು ಮಾತಾಡುವುದು ಫೋನಿನಲ್ಲಿ ಮಾತ್ರ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿರುತ್ತವೆ, ಹತ್ತಿರದಲ್ಲೇ ಏರ್‌ಪೋರ್ಟು. ಅಷ್ಟು ಜನ ಬಂದಿಳಿಯುವ ಊರಿನಲ್ಲಿ ನಮ್ಮ ಮನೆಗೆ ಒಬ್ಬರೂ ಬರುವುದಿಲ್ಲ.

ಇರಲಿ, ಬಾಯಮ್ಮನ ಅಡುಗೆಮನೆಗೆ ಬರೋಣ.

ಮೇಜಿನ ಮೇಲೆ ಒಂದು ಪಾತ್ರೆ. ಮುಚ್ಚಳ ತೆಗೆದರೆ ಒಳಗೆ ಹಾಲಿನಲ್ಲಿ ಬೆಂದು ಗಟ್ಟಿಯಾದ ಅಕ್ಕಿ. ಸಾಕ್ಷಾತ್ ನಮ್ಮ ಪಾಯಸ, ಒಂದು ರಾತ್ರಿ ಫ್ರಿಜ್ಜಿನಲ್ಲಿ ಮಲಗೆದ್ದ ಪಾಯಸ. ಬಾಯಮ್ಮ ಅದಕ್ಕೆ ಮೈದಾ ಸುರಿದರು, ಈಸ್ಟ್ ಹಾಕಿದರು, ಕಿತ್ತಳೆಯ ಸಿಪ್ಪೆ ತುರಿದು ಉದುರಿಸಿದರು. ಮುಷ್ಟಿಯಲ್ಲಿ ಹಿಸುಕಿ ಹಿಸುಕಿ ಕಲಸಿದರು. “ಕ್ರಿಸ್ಪೆಲ್ಲೆ,” ಅಂದರು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಪಾಯಸವನ್ನು ಎಣ್ಣೆಗೆ ಹಾಕುವ ಜನ ಲೋಕದಲ್ಲಿ ಇದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಪಾಟಿನ ಮೇಲೆ ಒಂದು ಸಣ್ಣ ಪಟ. ಗಡ್ಡದ ಸಂತ, ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಿಳಿ ಹೂವು. ಮುಂದೆ ಬ್ಯಾಟರಿ ಹಾಕಿದ ಮೇಣದಬತ್ತಿ. (ನಿಜವಾದದ್ದು ಹಚ್ಚಿದರೆ ಸೀಲಿಂಗಿನ ಅಲಾರಂ ಕೂಗಿ ಇಡೀ ಬಿಲ್ಡಿಂಗ್ ಕೆಳಗಿಳಿಯಬೇಕಾಗುತ್ತದೆ. ನಮ್ಮ ದೀಪಾವಳಿಗೂ ಇದೇ ಗತಿ.) “ಸಾನ್ ಜುಸೆಪ್ಪೆ,” ಅಂದರು ಬಾಯಮ್ಮ. ಆಗ ನೆನಪಾಯಿತು, ಮಾರ್ಚ್ ಹತ್ತೊಂಬತ್ತು ಸಂತ ಜೋಸೆಫರ ಹಬ್ಬ. ಕಾನ್ವೆಂಟಿನಲ್ಲಿ ಓದಿದವಳು ನಾನು, ಆ ದಿನ ನಮಗೆ ಚಾಕಲೇಟ್ ಸಿಗುತ್ತಿತ್ತು.

ಎಣ್ಣೆ ಕಾಯಿತು. ಬಾಯಮ್ಮ ಹಿಟ್ಟನ್ನು ಮರದ ಹಲಗೆಯ ಮೇಲೆ ಹರಡಿ, ಚಾಕುವಿನಿಂದ ಬೆರಳುದ್ದಕ್ಕೆ ಕೊಯ್ದು, ಹಾಗೆಯೇ ಹಲಗೆಯಿಂದ ಎಣ್ಣೆಗೆ ಜಾರಿಸಿದರು. ನಾನು ಸುಮ್ಮನಿರುತ್ತೇನೆಯೇ? ಕೈ ಒದ್ದೆ ಮಾಡಿಕೊಂಡು ಗೋಳಿಬಜೆಯ ಹಾಗೆ ಉಂಡೆ ಉಂಡೆ ಬಿಟ್ಟೆ. ಬಾಯಮ್ಮ ಹಣೆ ಚಚ್ಚಿಕೊಂಡು “ಮಾಫಿ, ಮಾಫಿ” ಅಂದರು. ನನ್ನ ಉಂಡೆಗಳನ್ನು ಸೌಟಿನಲ್ಲಿ ಎತ್ತಿ ತೋರಿಸಿ ನಕ್ಕರು. ನಾನೂ ನಕ್ಕೆ. ಎಷ್ಟೋ ದಿನವಾಗಿತ್ತು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕು. ಬಾಯಮ್ಮ ಅವರ ಭಾಷೆಯಲ್ಲಿ ಏನೋ ಹೇಳಿದರು, ನಾನು ತುಳುವಿನಲ್ಲಿ ಉತ್ತರ ಕೊಟ್ಟೆ, ಮಾತು ನಡೆಯಿತು.

ಕೊನೆಯಲ್ಲಿ ಜೇನು ಬಿಸಿಮಾಡಿ ಮೇಲಿಂದ ಸುರಿದರು. ಒಂದು ತಟ್ಟೆಗೆ ಎಲ್ಲಕ್ಕಿಂತ ಚೆನ್ನಾಗಿ ಕೆಂಪಾದ ಒಂದನ್ನು ಇಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ತಂದಿಟ್ಟರು. ಎದುರಿಗೆ ಕೂತರು. ಕೈ ಮಡಿಲಲ್ಲಿ.

“ಯಲ್ಲಾ.”

ಇಲ್ಲಿ ಆಯಿತು ನೋಡಿ ಎಡವಟ್ಟು.

ನಾನು ಪಟ ನೋಡಿದೆ. ಪಟದ ಮುಂದೆ ತಿಂಡಿ ಏನೂ ಇಟ್ಟಿರಲಿಲ್ಲ. ಹಬ್ಬದ ತಿಂಡಿ, ದೇವರಿಗೆ ಇನ್ನೂ ತೋರಿಸಿಲ್ಲ, ನಾನು ಹೇಗೆ ಬಾಯಿಗೆ ಹಾಕಲಿ? ನನ್ನನ್ನು ಬೆಳೆಸಿದ ಅಮ್ಮ ಎಂಥವರು ಗೊತ್ತಾ? ಸಣ್ಣವಳಿದ್ದಾಗ ಅಷ್ಟಮಿಗೆ ಕಟ್ಟಿದ ಉಂಡೆಯ ಒಂದು ಚೂರು ಕದ್ದು ತಿಂದಿದ್ದಕ್ಕೆ, ಇಡೀ ಪಾತ್ರೆ ಎಂಜಲಾಯಿತೆಂದು ಪಕ್ಕಕ್ಕಿಟ್ಟು ಹೊಸದಾಗಿ ಬೆಲ್ಲ ಕರಗಿಸಿದವರು. ನೈವೇದ್ಯ ಆಗುವವರೆಗೆ ಮೂಸಿಯೂ ನೋಡಬಾರದು ನಮ್ಮಲ್ಲಿ. ಆ ಅಭ್ಯಾಸ ದುಬೈಗೆ ಬಂದರೂ ಕೈ ಬಿಟ್ಟಿಲ್ಲ.

ನಾನು ಪಟ ತೋರಿಸಿದೆ, ಕೈ ಮುಗಿದೆ. ಮೊದಲು ಅವರಿಗೆ ಎಂಬ ಅರ್ಥದಲ್ಲಿ. ಬಾಯಮ್ಮ ತಲೆಯಾಡಿಸಿ ನನ್ನನ್ನು ತೋರಿಸಿದರು. ನಾನು ಮತ್ತೆ ಪಟ ತೋರಿಸಿದೆ. ಅವರು ತಟ್ಟೆಯನ್ನು ಇನ್ನೂ ಹತ್ತಿರ ತಳ್ಳಿದರು. ನಾನು “ಆಮೇಲೆ, ಆಮೇಲೆ” ಎಂದು ಕೈಯಾಡಿಸಿದೆ. ಅವರು ತಾವಾದರೂ ತಿಂದರೇ? ಇಲ್ಲ. ಹಾಗಾದರೆ ಪೂಜೆಗೆ ಅವರೂ ಕಾಯುತ್ತಿದ್ದಾರೆ, ಮಗ ಬಂದ ಮೇಲೆ ಇರಬೇಕು ಎಂದು ನಾನು ಲೆಕ್ಕ ಹಾಕಿದೆ. ಇಬ್ಬರೂ ಕೂತೆವು. ಜೇನು ತಣ್ಣಗಾಗಿ ತಟ್ಟೆಗೆ ಅಂಟಿತು. ಬಾಯಮ್ಮನ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು.

ನಾನು ಎದ್ದೆ. ಅವರು ಗಡಿಬಿಡಿಯಿಂದ ಒಂದು ಡಬ್ಬಿಗೆ ನಾಲ್ಕು ತುಂಬಿಸಿ ಕೊಡಲು ಬಂದರು. ಅದನ್ನೂ ಬೇಡವೆಂದೆ. (ನೈವೇದ್ಯವಾಗದ್ದನ್ನು ಮನೆಗೆ ಒಯ್ಯುವುದೇ?) ಬಾಯಮ್ಮ ಬಾಣಲೆ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟರು. ಕಣ್ಣು ಒದ್ದೆಯಾಗಿತ್ತು.

“ಖಲಾಸ್,” ಅಂದರು. ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಕೂತರೆ ಮೈಯೆಲ್ಲ ಕಿತ್ತಳೆ ಮತ್ತು ಎಣ್ಣೆಯ ವಾಸನೆ. ಮನಸ್ಸಿಗೆ ಸಮಾಧಾನ ಇಲ್ಲ. ರುವೈಸ್‌ಗೆ ಫೋನ್ ಮಾಡಿದೆ. ಇವರು ಎಲ್ಲ ಕೇಳಿಸಿಕೊಂಡರು.

“ಅಲ್ಲ ಮಾರಾಯ್ತಿ, ಅವರಲ್ಲಿ ನೈವೇದ್ಯ ಉಂಟು ಅಂತ ನಿನಗೆ ಹೇಳಿದ್ದು ಯಾರು?”

“ಹಬ್ಬ ಅಲ್ವಾ ಮತ್ತೆ? ಪಟ ಇಟ್ಟಿದ್ದರು.”

“ಪಟ ಇಟ್ಟದ್ದು ಅವರು, ಪೂಜೆ ಮಾಡ್ಲಿಕ್ಕೆ ಹೊರಟದ್ದು ನೀನು. ಒಂದು ತಿಂದು ಬರ್ಲಿಕ್ಕೆ ಎಂತ ಆಗಿತ್ತು?”

ಮಗಳಿಗೆ ವಾಟ್ಸಾಪ್ ಮಾಡಿದೆ. ಸುಮಾರು ಹೊತ್ತಿನ ಮೇಲೆ ಉತ್ತರ ಬಂತು. “ಅಮ್ಮಾ, ಜಸ್ಟ್ ಈಟ್ ನಾ. ಇನ್ ಕ್ಲಾಸ್. ಬೈ.”

ಕತ್ತಲಾದ ಮೇಲೆ ಮತ್ತೆ ಬೆಲ್ ಆಯಿತು. ಒಂದೇ ದಿನ ಎರಡು ಸಲ. ಈ ಸಲ ಮಗ ಮಾರ್ಕೊ, ಆಫೀಸಿನ ಬಟ್ಟೆಯಲ್ಲೇ, ಲ್ಯಾಪ್‌ಟಾಪ್ ಬ್ಯಾಗು ಇನ್ನೂ ಹೆಗಲ ಮೇಲೆ. ತುಂಬಾ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಕೇಳಿದ. “ಮೇಡಂ, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ತಿನ್ನಬಾರದು ಅಂತ ನಿಮ್ಮ ಧರ್ಮದಲ್ಲಿ ಏನಾದರೂ ಇದೆಯಾ?”

ಕಪಾಳಕ್ಕೆ ಬಿದ್ದ ಹಾಗಾಯಿತು. ಯಾಕೆಂದರೆ ಅಂಥ ಜನ ನಮ್ಮಲ್ಲಿ ಇದ್ದಾರೆ. ಅವರ ಮನೆಯಲ್ಲಿ ನೀರು ಕುಡಿಯದವರು, ಇವರ ಮನೆಯಲ್ಲಿ ಬಾಳೆಹಣ್ಣು ಮಾತ್ರ ತಿನ್ನುವವರು. ಅವರನ್ನು ಈ ಅಂಕಣದಲ್ಲಿ ನಾನೇ ಎಷ್ಟು ಸಲ ಬೈದಿಲ್ಲ? ಈಗ ಎದುರು ಮನೆಯವರ ಕಣ್ಣಲ್ಲಿ ನಾನೂ ಅವರಲ್ಲಿ ಒಬ್ಬಳು.

ಅಯ್ಯೋ ಇಲ್ಲಪ್ಪಾ ಎಂದು ಪಟದ ಕಥೆ, ಅಷ್ಟಮಿಯ ಉಂಡೆಯ ಕಥೆ ಎಲ್ಲ ಹೇಳಿದೆ. ಮಾರ್ಕೊ ಗೋಡೆಗೆ ಒರಗಿ ನಿಂತು ಕೇಳಿದ.

“ನಮ್ಮಲ್ಲಿ ಬೇರೆ ಥರ,” ಅಂದ. “ಸಿಸಿಲಿಯಲ್ಲಿ ನಮ್ಮ ಅಮ್ಮನ ಊರಲ್ಲಿ ಈ ಹಬ್ಬಕ್ಕೆ ಹೊರಗಿನವರನ್ನು ಕರೆದು ಊಟಕ್ಕೆ ಕೂರಿಸುತ್ತಾರೆ. ಬಡವರು, ದಿಕ್ಕಿಲ್ಲದವರು, ಯಾರಾದರೂ. ಅವತ್ತು ಜೋಸೆಫ್, ಮೇರಿ, ಮಗು ಅಂದರೆ ಅವರೇ. ಅವರು ತಿಂದ ಮೇಲೆಯೇ ಮನೆಯವರು ಬಾಯಿಗೆ ಹಾಕುವುದು. ಹೋದ ವರ್ಷವೂ ಮಮ್ಮಾ ಮಾಡಿದ್ದಳು, ಓವನ್ನಿನಲ್ಲಿ, ಕಲ್ಲಿನ ಹಾಗಾಗಿತ್ತು. ತಟ್ಟೆ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತಿದ್ದಳಂತೆ. ಯಾರೂ ಬರಲಿಲ್ಲ. ನಾನು ಮಗ, ನಾನು ತಿಂದರೆ ಲೆಕ್ಕಕ್ಕಿಲ್ಲ. ಎಲ್ಲ ಎಸೆದಳು.”

“ಇವತ್ತು?”

“ಬೆಳಗ್ಗೆ ಕಾಫಿ ಕುಡಿದದ್ದು. ಆಮೇಲೆ ಏನೂ ತಿಂದಿಲ್ಲ.”

ಹೋದ ವರ್ಷ ಆ ಕಾರಿಡಾರಿನ ಈಚೆ, ಇದೇ ಬಾಗಿಲಿನ ಹಿಂದೆ ನಾನು ಇದ್ದೆ. ಮಗಳ ಟಿಫಿನ್ ಡಬ್ಬಿ ತೊಳೆಯುತ್ತಾ ಇದ್ದಿರಬೇಕು. ನೋಡಿ ಹೇಗಿದೆ, ನಡುವೆ ಇದ್ದದ್ದು ಎರಡು ಬಾಗಿಲು.

ಶಾಲು ಕೂಡ ಹಾಕಿಕೊಳ್ಳದೆ ಹೋದೆ. ಮೇಜಿನ ಮೇಲೆ ಆ ತಟ್ಟೆ ಬೆಳಗ್ಗೆ ಇಟ್ಟಲ್ಲೇ ಇತ್ತು, ಅದೇ ಒಂದು ಕ್ರಿಸ್ಪೆಲ್ಲೆ. ಬಾಯಮ್ಮ ಕಿಟಕಿಯ ಹತ್ತಿರ ಕೂತಿದ್ದರು, ನನ್ನನ್ನು ನೋಡಿಯೂ ಏಳಲಿಲ್ಲ. ನಾನು ಕುರ್ಚಿ ಎಳೆದು ಕೂತು ಅದನ್ನು ಬಾಯಿಗೆ ಹಾಕಿಕೊಂಡೆ. ತಣ್ಣಗಾಗಿತ್ತು, ಎಣ್ಣೆ ಕುಡಿದು ನಾರಾಗಿತ್ತು. ನಿಜ ಹೇಳುತ್ತೇನೆ, ರುಚಿ ಏನೂ ಇರಲಿಲ್ಲ. ಜಗಿಯುವಾಗ ಕಣ್ಣಲ್ಲಿ ನೀರು ಬಂತು, ಕಿತ್ತಳೆ ಸಿಪ್ಪೆಯ ಕಹಿ ಅಂತ ನಾನು ಸುಳ್ಳು ಹೇಳುವುದಿಲ್ಲ. ಮಾರ್ಕೊ ನನ್ನ ನೈವೇದ್ಯದ ಕಥೆಯನ್ನು ಅವರಿಗೆ ಹೇಳುತ್ತಿದ್ದ.

ಬಾಯಮ್ಮ ಪೂರ್ತಿ ಕೇಳಿದರು. ಎದ್ದು ಬಂದು ನನ್ನ ತಲೆಗೆ ಮೆಲ್ಲಗೆ ಒಂದು ಮೊಟಕಿದರು, ಅಮ್ಮನ ಹಾಗೆಯೇ. ಆಮೇಲೆ ಕ್ರಿಸ್ಪೆಲ್ಲೆಯ ಪಾತ್ರೆ ಎಳೆದುಕೊಂಡು ನಿಂತಲ್ಲೇ ತಿನ್ನತೊಡಗಿದರು. ಎಷ್ಟು ಹಸಿದಿದ್ದರು ಎಂದರೆ ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದರು.

ಹೊಟ್ಟೆ ತುಂಬಿದ ಮೇಲೆ ಮಗನಿಗೆ ಏನೋ ಉದ್ದಕ್ಕೆ ಹೇಳಿದರು. ಮಾರ್ಕೊ ನನ್ನ ಕಡೆ ತಿರುಗಿದ. “ಬರುವ ವರ್ಷ ನೀವು ಮಾಡಬೇಕಂತೆ, ಹಲಗೆ ನಿಮಗೇ ಬಿಟ್ಟುಹೋಗುತ್ತಾಳಂತೆ. ನನ್ನ ಕಾಂಟ್ರಾಕ್ಟ್ ಮುಗಿಯಿತು ಮೇಡಂ. ಮೇ ತಿಂಗಳಲ್ಲಿ ನಾವು ಹೊರಡುತ್ತೇವೆ.”

ಇದು ದುಬೈ. ಇಲ್ಲಿ ಒಬ್ಬರ ಹೆಸರು ಬಾಯಿಪಾಠವಾಗುವ ಹೊತ್ತಿಗೆ ಅವರ ವೀಸಾ ಮುಗಿದಿರುತ್ತದೆ. ಒಂದೂವರೆ ವರ್ಷ ಲಿಫ್ಟಿನಲ್ಲಿ ನಕ್ಕು ನಕ್ಕು ಕಳೆದೆವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಈಗ ದಿನಾ ಬೆಳಗ್ಗೆ ಹೋಗುತ್ತೇನೆ. ಬೆಲ್ ಒತ್ತುವುದಿಲ್ಲ, ಬಾಗಿಲು ಅವರು ಹಾಕಿರುವುದೇ ಇಲ್ಲ. ನನ್ನ ಗೋಳಿಬಜೆಗೂ ಬಾಯಮ್ಮ ಕಿತ್ತಳೆ ತುರಿಯಲು ನೋಡುತ್ತಾರೆ, ನಾನು “ಮಾಫಿ” ಅನ್ನುತ್ತೇನೆ. ಇವರು ಈ ಗುರುವಾರ ಬಂದಾಗ ಎರಡು ಮನೆಯ ಬಾಗಿಲೂ ತೆರೆದಿರುವುದನ್ನು ನೋಡಿ “ಎಂತ, ಯಾರ ಮದುವೆ?” ಅಂತ ಕೇಳಿದರು.

ಮೇ ಬರುತ್ತದೆ. ಎದುರಿನ ಬಾಗಿಲಿಗೆ ಬೀಗ ಬೀಳುತ್ತದೆ, ಆಮೇಲೆ ಇನ್ಯಾರೋ ಬರುತ್ತಾರೆ, ಲಿಫ್ಟಿನಲ್ಲಿ ನಗುತ್ತಾರೆ. ಹಲಗೆ ನನ್ನ ಮನೆಯಲ್ಲಿ ಇರುತ್ತದೆ, ಬಾಣಲೆಯಂತೂ ಇದ್ದೇ ಇದೆ. ಅಕ್ಕಿ, ಹಾಲು, ಕಿತ್ತಳೆ, ಜೇನು ಎಲ್ಲ ಕೆಳಗಿನ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಮಾಡುವುದು ಕಷ್ಟವಲ್ಲ, ಕಲಿತಿದ್ದೇನೆ. ಆದರೆ ಹೊರಗಿನವರೊಬ್ಬರು ಬಂದು ತಿನ್ನದೆ ನಾನು ಬಾಯಿಗೆ ಹಾಕುವ ಹಾಗಿಲ್ಲವಲ್ಲ.

ಬರುವ ಮಾರ್ಚ್ ಹತ್ತೊಂಬತ್ತಕ್ಕೆ ನಿಮ್ಮಲ್ಲಿ ಯಾರಾದರೂ ಮಿರ್ದಿಫ್ ಕಡೆ ಬರುವವರಿದ್ದೀರಾ?