ಹೆಪ್ಪಾಗದ ಹಾಲು

ಕಳೆದ ಯುಗಾದಿಯ ಮರುದಿನ ಸ್ಟೇಷನ್ ರಸ್ತೆಯ ನಮ್ಮ ಪಕ್ಕದ ಮನೆಯಲ್ಲಿ ಹಾಲು ಹೆಪ್ಪಾಗಲಿಲ್ಲ.

ಅಲ್ಲಿ ಬಾಡಿಗೆಗಿದ್ದ ಸಂಶೋಧಕಿ ಕಾರವಾರದ ಕಡಲಿನಿಂದ ತಂದ ಶಿಲೀಂಧ್ರವನ್ನು ಉಪ್ಪುನೀರಲ್ಲಿ ನೆನೆಸಿದ ಜೋಳದ ಮೇಲೆ ಬೆಳೆಸುತ್ತಿದ್ದರು. ಅದರ ರಸ ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಕಿತ್ತು, ಒಮ್ಮೆಯೂ ಕೊಂದಿರಲಿಲ್ಲ. ಕೇಳಿದವರಿಗೆಲ್ಲ ಕನ್ನಡಕ ಒರೆಸುತ್ತ, “ನಾಳೆ ನೋಡೂಣ್ರಿ” ಎನ್ನುತ್ತಿದ್ದರು.

ಅಂದು ಮನೆಯೊಡತಿ ಮಣ್ಣಿನ ಗಡಿಗೆ ಹಿಡಿದು ಬಂದರು. “ನಿನ್ನ ಬೂಸರದ ರಸ ಇಟ್ಟಿದ್ದ ಗಡಿಗ್ಯಾಗ ಹೆಪ್ಪ ಹಾಕಿದ್ನೆವ್ವಾ. ಹಾಲು ಹಾಲಾಗೇ ಅದ! ಇವತ್ತ ಖೋಲಿ ಖಾಲಿ ಮಾಡು.”

“ಖರೇನ ಹೆಪ್ಪಾಗಿಲ್ರಿ?” ಸಂಶೋಧಕಿ ಗಡಿಗೆಯನ್ನು ಅಪ್ಪಿಕೊಂಡರು. “ಮಸರು ಮಾಡೂದೂ ಬ್ಯಾಕ್ಟೀರಿಯಾನರಿ. ಸತ್ತಾವ, ಅಕ್ಕಾರ!”

“ಸಾಯ್ಲಿ! ನಮ್ಮನಿಯವ್ರು ಮಸರಿಲ್ದ ಉಣ್ಣಂಗಿಲ್ಲ.”

ಸಂಶೋಧಕಿಯ ಕಾಲೇಜಿನ ಪ್ರಯೋಗಾಲಯದಲ್ಲೂ ಆ ರಸ ಬ್ಯಾಕ್ಟೀರಿಯಾಗಳನ್ನು ಕೊಂದಿತು. ಅವರು ಈಗ ಊರಾಚೆಯ ಇಟ್ಟಂಗಿಹಾಳದಲ್ಲಿ ಬಾಡಿಗೆಗಿದ್ದಾರೆ. ಅಲ್ಲಿಯೂ ಹಾಲು ಹೆಪ್ಪಾಗುತ್ತಿಲ್ಲ. ಮೊಸರನ್ನು ಹಳೆಯ ಮನೆಯೊಡತಿ ಕಳಿಸುತ್ತಾರೆ.