ಚಾಚಾ ಕುದುರೆಗೆ ಕೊಟ್ಟ ನೀರು

ಮೊನ್ನೆ ಮೊಮ್ಮಗಳು ಅಂಗಳದಲ್ಲಿ ಎರಡು ಬೆಣಚುಕಲ್ಲು ಕುಟ್ಟಿ, "ಅಜ್ಜಾ, ಮೂಸಿ ನೋಡಿ!" ಎಂದು ನನ್ನ ಮೂಗಿಗೇ ಹಿಡಿದಳು. ಸುಟ್ಟ ಕಲ್ಲಿನ ಆ ವಾಸನೆ... ಒಮ್ಮೆಗೇ ಕತಾರಿನ ಇಂಡಸ್ಟ್ರಿಯಲ್ ಏರಿಯಾ, ನಮ್ಮ ಗೇಟು ಮಾಡುವ ವರ್ಕ್‌ಶಾಪು, ಮೂಲೆಯಲ್ಲಿ ಚಾಚಾನ ಮೇಜು ಎಲ್ಲ ಕಣ್ಣೆದುರು ಬಂತು.

ಎರಡು ಸಾವಿರದ ನಾಲ್ಕೋ ಐದೋ ಇಸವಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆ. ನಾವೆಲ್ಲ ಚಾಚಾ ಎಂದೇ ಕರೆಯುತ್ತಿದ್ದ ಪೇಶಾವರದ ಕಡೆಯ ಮುದುಕರು ಹಳೇ ಕಾಲದ ಕೋವಿಗಳಿಗೆ ಹೊಸ ಲಾಕು ಮಾಡುತ್ತಿದ್ದರು. ಲಾಕು ಅಂದರೆ ಬೀಗ ಅಲ್ಲ, ಕಲ್ಲನ್ನು ಉಕ್ಕಿಗೆ ಹೊಡೆದು ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಮುಟ್ಟಿಸುವ ಯಂತ್ರ.

ಮೊದಲ ದಿನವೇ ಅವರು, "ಘೋಡೇ ಕೋ ಪಾನಿ ದೇ!" ಎಂದರು. ನಾನು ಬಕೆಟ್ ತುಂಬಿಸಿಕೊಂಡು ಹೊರಗೆ ಓಡಿ ಕುದುರೆ ಹುಡುಕಿದೆ! ಚಾಚಾ ಕೆಮ್ಮು ಬರುವಷ್ಟು ನಕ್ಕರು. "ಅರೇ ಮಂಗಳೂರಿ, ಘಾಸ್ ಭೀ ಲಾನಾ ಥಾ!" ಹುಲ್ಲೂ ತರಬೇಕಿತ್ತಂತೆ. ಕಲ್ಲು ಕಚ್ಚಿಕೊಳ್ಳುವ ಬಾಗಿದ ತುಂಡೇ ಕುದುರೆ, ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಮಾಡುವುದೇ ನೀರು ಕೊಡುವುದು.

ಒಮ್ಮೆ ಒಬ್ಬ ಅರಬಿ ಅಜ್ಜ ತಮ್ಮ ಮನೆಯ ಹಳೇ ಕೋವಿ ತಂದರು. ಲಾಕು ತುಕ್ಕು ತಿಂದು ಮುರಿದಿತ್ತು. ಮೊಮ್ಮಗನ ಮದುವೆಯಲ್ಲಿ ಅದು ಸದ್ದು ಮಾಡಬೇಕಂತೆ. ವಿದೇಶದಿಂದ ತರಿಸಿದ ರೆಡಿಮೇಡ್ ಲಾಕು ಅದಕ್ಕೆ ಕೂತಿರಲಿಲ್ಲ. "ನಿನ್ನ ಕೈಲೂ ಆಗದಿದ್ದರೆ ಖಲಾಸ್, ಗೋಡೆಗೆ ನೇತುಹಾಕುತ್ತೇನೆ" ಎಂದರು.

ಚಾಚಾ ಮುರುಕು ತುಂಡುಗಳನ್ನು ನೋಡಿ ನೋಡಿ ಹೊಸ ತುಂಡುಗಳಿಗೆ ಅರ ಹಾಕಿದರು. ಉಕ್ಕಿಗೆ ಹದ ಹೆಚ್ಚಾದರೆ ಸಿಡಿಯುತ್ತದೆ, ಕಡಿಮೆಯಾದರೆ ಕಿಡಿಯೇ ಇಲ್ಲ.

ಕೋವಿ ಒಯ್ಯಲು ಅರಬಿ ಅಜ್ಜ ಬಂದ ದಿನ ಚಾಚಾ ಮದ್ದು ಹಾಕದೆ ಟ್ರಿಗರ್ ಎಳೆದರು. ಬರೀ ಟಕ್! ಚಾಚಾ ಕಲ್ಲನ್ನು ಚೂರು ಮುಂದೆ ಸರಿಸಿ, ಬಿಸ್ಮಿಲ್ಲಾ ಎಂದು ಮತ್ತೆ ಎಳೆದರು... ಅಬ್ಬಬ್ಬಾ, ಆ ಕಿಡಿ! ಯಾರೋ ಹಿಡಿ ತುಂಬ ನಕ್ಷತ್ರ ಎರಚಿದ ಹಾಗೆ! ಮನುಷ್ಯನ ಕೈ ಇಂಥದ್ದನ್ನೂ ಮಾಡುತ್ತದಾ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅರಬಿ ಅಜ್ಜ ಅಳುತ್ತಲೇ ಚಾಚಾನ ಹಣೆಗೆ ಮುತ್ತಿಟ್ಟು, "ಲಾಕಿನ ಮೇಲೆ ನಿನ್ನ ಹೆಸರು ಕೆತ್ತು" ಎಂದರು.

"ಮದುವೆ ನನ್ನದಾ?" ಎಂದು ನಕ್ಕ ಚಾಚಾ ಮದುಮಗನ ಹೆಸರನ್ನೇ ಕೆತ್ತಿದರು.

ಮರುವರ್ಷ ಊರಿಗೆ ಹೋದ ಚಾಚಾ ತೀರಿಕೊಂಡ ಸುದ್ದಿ ಮಾತ್ರ ಬಂತು. ಆ ಅರಬಿ ಅಜ್ಜ ಯಾಕೆ ಅತ್ತರೆಂದು ಆಗ ನನಗೆ ತಿಳಿದಿರಲಿಲ್ಲ. ಈಗ ನಾನೂ ಅಜ್ಜ, ಮೊಮ್ಮಗಳು ಮಡಿಲಿಗೆ ಬಂದರೆ ಖುಷಿ ಎದೆಯಲ್ಲಿ ಹಿಡಿಸದೆ ಕಣ್ಣು ತುಂಬುತ್ತದೆ. ನಮಾಜಿನ ನಂತರ ಚಾಚಾನಿಗೂ ದುವಾ ಮಾಡುತ್ತೇನೆ. ಅವರ ಹೆಸರನ್ನು ನಾವ್ಯಾರೂ ಕೇಳಿರಲೇ ಇಲ್ಲ... ಹೆಸರು ಹೇಳಬೇಕಾದ ಕಡೆ "ಕುದುರೆಗೆ ನೀರು ಕೊಡುತ್ತಿದ್ದವರು" ಎನ್ನುತ್ತೇನೆ.